ಹತ್ತು ಅಂದ್ರೆ ಹತ್ತು

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಲಿಫ್ಟಣ್ಣನ ಮನೆ ಕೆಡಲಿಲ್ಲ, ಒಲೆಯೂ ನೆಟ್ಟಗೇ ಇತ್ತು. ಕೆಟ್ಟದ್ದು ಅವನ ಭಾನುವಾರ. ಅದೂ ದೊಡ್ಡ ಮಾತಿನಿಂದಲ್ಲ, ಎರಡೇ ಅಕ್ಷರದ ಒಂದು ಪುಟ್ಟ ಮಾತಿನಿಂದ.

ಲಿಫ್ಟಣ್ಣ ಊರಿನ ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಜನ ಮೆಟ್ಟಿಲು ಹತ್ತದಂತೆ ನೋಡಿಕೊಳ್ಳುವುದೇ ಅವನ ಕಸುಬು, ಕಸುಬೇ ಅವನ ಧರ್ಮ. ತನ್ನ ಮನೆಯಿರುವ ಕಟ್ಟಡದ ಲಿಫ್ಟ್ ಕೆಟ್ಟರೆ ಅವನು ಕೆಳಗೇ ಕೂತು, ಹೆಂಡತಿ ಹಗ್ಗ ಕಟ್ಟಿ ಇಳಿಬಿಟ್ಟ ಊಟ ಮಾಡಿ, ರಿಪೇರಿ ಮುಗಿಸಿ ಲಿಫ್ಟಿನಲ್ಲೇ ಮೇಲೆ ಹೋಗುತ್ತಿದ್ದನೇ ಹೊರತು ಒಂದು ಮೆಟ್ಟಿಲೂ ತುಳಿದವನಲ್ಲ. ವಾರವಿಡೀ ಗ್ರೀಸು ಬಳಿದುಕೊಂಡು ಓಡಾಡುವ ಈ ಜೀವಕ್ಕೆ ಇದ್ದ ಒಂದೇ ಆಸ್ತಿಯೆಂದರೆ ಭಾನುವಾರ ಮಧ್ಯಾಹ್ನದವರೆಗಿನ ನಿದ್ದೆ.

ಒಂದು ಶುಕ್ರವಾರ ಸಂಜೆ ಅವನ ಅಮ್ಮನ ಕಣ್ಣಿಗೆ ಅಟ್ಟದ ಮೂಲೆಯ ಜೇಡರಬಲೆ ಬಿತ್ತು. ಹತ್ತುವುದು ಲಿಫ್ಟಣ್ಣನ ತತ್ವಕ್ಕೆ ವಿರುದ್ಧವಾದ್ದರಿಂದ ಪೊರಕೆ ಹಿಡಿದು ಹೆಂಡತಿ ಏಣಿ ಏರಿದಳು. ಲಿಫ್ಟಣ್ಣ ಏಣಿ ಹಿಡಿದುಕೊಳ್ಳುವ ಭಾರ ಹೊತ್ತ. ಆಗಲೇ ಫೋನು ಹೊಡೆದುಕೊಂಡಿತು. ಅತ್ತಲಿಂದ ಹಲ್ಲಿನ ಡಾಕ್ಟರು.

ಡಾಕ್ಟರ ಕ್ಲಿನಿಕ್ ಇರುವ ಕಟ್ಟಡದ ಲಿಫ್ಟನ್ನು ನೋಡಿಕೊಳ್ಳುವವನು ಇವನೇ. ಅವರು ಬಂಗಾರದಂಥ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರಶ್ನೆ ಕೇಳಿ ಪೂರ್ತಿ ಉತ್ತರಕ್ಕೆ ಕಾದು ಅವರಿಗೆ ಗೊತ್ತಿಲ್ಲ. ರೋಗಿಯ ಬಾಯಿ ತುಂಬ ಹತ್ತಿ ತುರುಕಿ, "ನೋವಿದೆಯಾ? ಊಟ ಸೇರುತ್ತಾ? ಮಗಳ ಮದುವೆ ಆಯ್ತಾ?" ಎಂದು ಕೇಳಿ, ಬರುವ "ಆಂ, ಊಂ"ಗಳಲ್ಲೇ ಅವನ ಸಂಸಾರವನ್ನೆಲ್ಲ ಅರ್ಥ ಮಾಡಿಕೊಂಡು ಅಭ್ಯಾಸ.

"ಲಿಫ್ಟಣ್ಣ, ನಾಳೆ ನಮ್ಮ ಬೆನ್ನುಚೀಲ ಬಳಗ ಬೆಟ್ಟಕ್ಕೆ ಹೋಗ್ತಾ ಇದೆ. ಮೇಲೆ ಡೇರೆ ಹಾಕೋದು, ಭಾನುವಾರ ಇಳಿಯೋದು. ಒಬ್ಬರಿಗೆ ಜ್ವರ ಬಂದು ಜಾಗ ಖಾಲಿ ಇದೆ, ನಿಮ್ಮ ನೆನಪಾಯ್ತು. ಅಂದಹಾಗೆ, ಇದುವರೆಗೆ ಎಷ್ಟು ಬೆಟ್ಟ ಹತ್ತಿದ್ದೀರಾ?"

ಅದೇ ಹೊತ್ತಿಗೆ ಏಣಿಯ ಮೇಲಿಂದ ಹೆಂಡತಿ ಕೇಳಿದಳು: "ರೀ, ಇನ್ನೂ ಹತ್ಲಾ?"

"ಹತ್ತು, ಹತ್ತು!" ಎಂದ ಲಿಫ್ಟಣ್ಣ.

"ಹತ್ತಾ!" ಡಾಕ್ಟರ ದನಿ ನಡುಗಿತು.

"ಹತ್ತು ಅಂದೆನಲ್ಲ! ಹೆದರ್ಬೇಡ, ನಾನಿದ್ದೀನಿ!"

"ನನಗೇ ಏಕವಚನ! ಇರಲಿ, ಹತ್ತು ಬೆಟ್ಟ ಹತ್ತಿದವರ ಗತ್ತೇ ಬೇರೆ. ಹಾಗಾದ್ರೆ ನಾಳೆ ಬರ್ತೀರಲ್ಲ?"

ಅಷ್ಟರಲ್ಲಿ ಏಣಿ ವಾಲಿತು. "ರೀ, ಬಿದ್ದೇಬಿಟ್ಟೆ! ಈ ಕಡೆ ಬನ್ರೀ!" ಎಂದು ಹೆಂಡತಿ ಕಿರುಚಿದಳು.

"ಬಂದೆ, ಬಂದೆ!" ಎಂದು ಲಿಫ್ಟಣ್ಣ ಫೋನು ಎಸೆದು ಏಣಿಗೆ ಜೋತುಬಿದ್ದ.

ಹೆಂಡತಿ ಉಳಿದಳು. ಅವನು ಉಳಿಯಲಿಲ್ಲ. ಫೋನು ಎತ್ತಿ ನೋಡುವಷ್ಟರಲ್ಲಿ ಬಳಗದವರ ಸಂದೇಶಗಳು ಒಂದರ ಮೇಲೊಂದು ಬಂದು ಬಿದ್ದಿದ್ದವು. "ಹತ್ತು ಬೆಟ್ಟದ ಸರದಾರರಿಗೆ ಸ್ವಾಗತ." "ನಮ್ಮ ನಡುವೆಯೇ ಇಂಥವರಿದ್ದರೂ ಗೊತ್ತಿರಲಿಲ್ಲವಲ್ಲ, ಕ್ಷಮಿಸಿ." "ನಿಮ್ಮ ಹೆಜ್ಜೆಯಲ್ಲಿ ಹೆಜ್ಜೆ ಇಡುತ್ತೇವೆ, ಗುರುಗಳೇ." ಅಟ್ಟ ಹತ್ತಿದ್ದು ಹೆಂಡತಿ, ಅಟ್ಟಕ್ಕೇರಿಸಿದ್ದು ಇವನನ್ನು!

"ಈಗ್ಲೇ ಫೋನ್ ಮಾಡಿ ನಿಜ ಹೇಳಿಬಿಡ್ರೀ," ಎಂದಳು ಹೆಂಡತಿ.

ಹೇಳಬೇಕೆಂದೇ ಅವನು ಫೋನಿನ ಮೇಲೆ ಬೆರಳಿಟ್ಟ. ಆದರೆ ಪಾಪ, ಅವನ ಕಸುಬು ಎಂಥದ್ದು ನೋಡಿ. ಲಿಫ್ಟ್ ಓಡುತ್ತಿದ್ದರೆ ಯಾರೂ ಅವನನ್ನು ನೆನೆಯುವುದಿಲ್ಲ, ನಿಂತರೆ ಊರೇ ಬೈಯುತ್ತದೆ. ಹುಟ್ಟಿದಾಗಿನಿಂದ ಅವನನ್ನು ಯಾರೂ ಗುರುಗಳೇ ಎಂದಿರಲಿಲ್ಲ. ಇನ್ನೊಂದು ಸಲ ಓದಿ ಆಮೇಲೆ ಹೇಳೋಣವೆಂದು ಓದುತ್ತ ಕೂತ. ಓದುತ್ತಲೇ ನಿದ್ದೆ ಬಂತು.

ಬೆಳಿಗ್ಗೆ ಬಾಗಿಲಲ್ಲಿ ವ್ಯಾನು ನಿಂತಿತ್ತು.

ವ್ಯಾನಿನಲ್ಲಿ ಮುಂದಿನ ಸೀಟು ಅವನಿಗೇ ಮೀಸಲು. ಇನ್ಶೂರೆನ್ಸ್ ಏಜೆಂಟರೊಬ್ಬರು ಹಿಂದಿನಿಂದ ಬಗ್ಗಿ, "ಗುರುಗಳೇ, ಎಲ್ಲಕ್ಕಿಂತ ಕಷ್ಟದ ಬೆಟ್ಟ ಯಾವುದು?" ಎಂದರು.

"ಮೊದಲನೇದು," ಎಂದ ಲಿಫ್ಟಣ್ಣ. ನಿಜವನ್ನೇ ಹೇಳಿದ್ದ.

"ಆಹಾ, ಎಂಥ ಮಾತು!" ಎಂದು ವ್ಯಾನಿನಲ್ಲಿದ್ದವರೆಲ್ಲ ತಲೆದೂಗಿದರು.

"ಹತ್ತುವಾಗ ಮನಸ್ಸಿನಲ್ಲಿ ಏನಿರುತ್ತೆ?"

"ಇಲ್ಲೊಂದು ಲಿಫ್ಟ್ ಇರಬಾರದಿತ್ತಾ ಅಂತ."

ವ್ಯಾನು ಕುಲುಕುವಂತೆ ನಕ್ಕರು. ಇಷ್ಟು ಸಾಧನೆ ಮಾಡಿಯೂ ತಮಾಷೆ ಬಿಟ್ಟಿಲ್ಲ ನೋಡಿ ಎಂದು ಡಾಕ್ಟರು ಕಣ್ಣೊರೆಸಿಕೊಂಡರು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ಇದು ದೂರದಿಂದಲೂ ನುಣ್ಣಗಿರಲಿಲ್ಲ. ಡಾಕ್ಟರು ಕೊಟ್ಟ ಬೆನ್ನುಚೀಲವನ್ನು ಅವನು, ನೂಕುನುಗ್ಗಲಿನ ಬಸ್ಸಿನಲ್ಲಿ ಮಾಡಿದ ಅಭ್ಯಾಸದಂತೆ, ಎದೆಗೆ ಹಾಕಿಕೊಂಡ. ಬಳಗದವರು ಒಂದು ಗಳಿಗೆ ಮುಖ ಮುಖ ನೋಡಿಕೊಂಡರು. "ಹತ್ತುವಾಗ ಭಾರ ಮುಂದಿರಬೇಕು, ಸರಿ ಸರಿ!" ಎಂದರು ಡಾಕ್ಟರು. ಎಲ್ಲರ ಚೀಲಗಳೂ ಎದೆಗೆ ಬಂದವು. ಈಗ ಯಾರಿಗೂ ತಮ್ಮ ಕಾಲು ತಮಗೆ ಕಾಣಿಸುತ್ತಿರಲಿಲ್ಲ. ಏಜೆಂಟರು ಮೊದಲ ಹೆಜ್ಜೆಗೇ ಕೆಸರಿನಲ್ಲಿ ಮೊಣಕಾಲುದ್ದ ಇಳಿದರು. ಆದರೂ, "ಕಲೀಬೇಕಾದ್ದು ಇನ್ನೂ ಎಷ್ಟಿದೆ!" ಎಂದು ಭಕ್ತಿಯಿಂದಲೇ ಕಾಲು ಕಿತ್ತುಕೊಂಡರು.

ಸ್ವಲ್ಪ ದೂರಕ್ಕೆಲ್ಲ ಲಿಫ್ಟಣ್ಣನಿಗೆ ಏದುಸಿರು. ನಾಲ್ಕು ಹೆಜ್ಜೆ ಹಾಕುವನು, ನಿಂತು ಮರ ತಬ್ಬಿಕೊಳ್ಳುವನು. ಬಳಗವೂ ನಾಲ್ಕು ಹೆಜ್ಜೆ ಹಾಕಿ, ಸಿಕ್ಕ ಸಿಕ್ಕ ಮರ ತಬ್ಬಿಕೊಳ್ಳತೊಡಗಿತು. ಇದರಿಂದ ನಿಜವಾಗಿ ಸುಖವಾದದ್ದು ಒಬ್ಬರಿಗೆ ಮಾತ್ರ. ಅವರು ನಿವೃತ್ತ ಹೆಡ್ ಮೇಡಂ. ಮೊಣಕಾಲಿನ ಆಪರೇಷನ್ ಆಗಿ ಹೊಸ ಕೀಲು ಹಾಕಿಸಿಕೊಂಡಿದ್ದರು. ಊರುಗೋಲು ಹಿಡಿದು ಲಿಫ್ಟಣ್ಣನ ಹಿಂದೆಯೇ ಬರುತ್ತಿದ್ದರು.

ಮೇಡಂ ಒಳ್ಳೆಯವರಂತೆ ಕಂಡರು. ಇವರ ಮುಂದಾದರೂ ಹೇಳಿಬಿಡೋಣವೆಂದು ಲಿಫ್ಟಣ್ಣ ಧೈರ್ಯ ಮಾಡಿದ. "ಮೇಡಂ, ನಿಮ್ಹತ್ರ ಒಂದು ಮಾತು..."

"ನಾನೇ ನಿಮಗೆ ಒಂದು ಮಾತು ಹೇಳ್ಬೇಕು," ಎಂದರು ಅವರು. "ವರ್ಷಗಟ್ಟಲೆ ಬೋರ್ಡಿನ ಮೇಲೆ ಬೆಟ್ಟ ಬರೆದು, ಎರಡು ಬೆಟ್ಟದ ನಡುವೆ ಸೂರ್ಯನ್ನ ಇಟ್ಟು ಮಕ್ಕಳಿಗೆ ಪಾಠ ಮಾಡಿದೀನಿ. ನಾನೊಂದು ಬೆಟ್ಟಾನೂ ಹತ್ತಿ ನೋಡ್ಲಿಲ್ಲ. ಈ ಕಾಲಲ್ಲಿ ಬೇಡ ಅಂತ ಮಗ ಕೂಗಾಡಿದ. ಹತ್ತು ಬೆಟ್ಟ ಹತ್ತಿದೋರು ಜೊತೆಗಿದಾರೆ ಕಣೋ ಅಂತ ಅವನ ಬಾಯಿ ಮುಚ್ಚಿಸಿ ಬಂದಿದೀನಿ. ನೀವಿಲ್ದಿದ್ರೆ ಇಲ್ಲಿಂದಲೇ ವಾಪಸ್ ಹೋಗ್ತಿದ್ದೆ. ಈಗ ಹೇಳಿ, ಏನೋ ಅಂದ್ರಲ್ಲ?"

ಲಿಫ್ಟಣ್ಣನ ಗಂಟಲಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ನಿಜ ಹೇಳಿದರೆ ಈ ಹೆಂಗಸು ಇಲ್ಲಿಂದಲೇ ಇಳಿಯುತ್ತಾರೆ, ಇನ್ನು ಜನ್ಮದಲ್ಲಿ ಹತ್ತುವುದಿಲ್ಲ.

"ಏನಿಲ್ಲ ಮೇಡಂ, ಬಾಯಾರಿಕೆ ಆಯ್ತಾ ಅಂತ ಕೇಳೋಣ ಅಂದ್ಕೊಂಡೆ," ಎಂದ. ಈ ಸುಳ್ಳಿಗೆ ಮಾತ್ರ ನಾನು ಅವನನ್ನು ಬೈಯಲಾರೆ.

ಮಧ್ಯಾಹ್ನ, ಬೆಟ್ಟದ ತುದಿ ಹತ್ತಿರವಾದಾಗ ದಾರಿ ಕವಲಾಯಿತು. ಡಾಕ್ಟರು, "ನಾವು ಯಾವಾಗ್ಲೂ ಬಲಗಡೆ ಹೋಗೋದು. ಆದ್ರೆ ಇವತ್ತು ಗುರುಗಳು ಹೇಳಿದ್ದೇ ದಾರಿ," ಎಂದು ಕೈಕಟ್ಟಿ ನಿಂತರು. ಬಲಗಡೆಯ ದಾರಿ ಏರುತ್ತಿತ್ತು. ಎಡಗಡೆಯದು ಅಂಗಳದಂತೆ ಮಟ್ಟಸವಾಗಿತ್ತು. ಲಿಫ್ಟಣ್ಣ ಎರಡನೇ ಯೋಚನೆಯಿಲ್ಲದೆ ಎಡಕ್ಕೆ ಕೈ ತೋರಿಸಿದ. ಮಟ್ಟಸ ದಾರಿಯಲ್ಲಿ ಎಲ್ಲರೂ ಹಾಡು ಹೇಳಿಕೊಂಡು ನಡೆದರು. ಸಂಜೆಯಾಗುವ ಹೊತ್ತಿಗೆ ದಾರಿ ಮುಗಿಯಿತು. ಮುಗಿದ ಜಾಗದಲ್ಲಿ ಒಂದು ಬಂಡೆ. ಎರಡು ಆಳೆತ್ತರವಿದ್ದ ಆ ಬಂಡೆಯ ಮೇಲೆಯೇ ಬೆಟ್ಟದ ತುದಿ, ಡೇರೆ ಹಾಕುವ ಜಾಗ.

"ಅಯ್ಯಪ್ಪಾ!" ಎಂದರು ಡಾಕ್ಟರು. "ಮೇಡಂ, ನಿಮ್ಮ ಕಾಲಿಗೆ ಇದು ಆಗಲ್ಲ. ನಿಮ್ಮನ್ನ ಕರ್ಕೊಂಡು ಒಬ್ಬರು ಕೆಳಗೆ ಇಳಿದುಬಿಡ್ಲಿ."

ಮೇಡಂ ಮೇಲೆ ಬಂಡೆಯ ಅಂಚಿಗೆ ಬಿದ್ದಿದ್ದ ಕೆಂಪು ಬಿಸಿಲನ್ನು ನೋಡಿದರು, ಊರುಗೋಲನ್ನು ಕೈ ಬದಲಾಯಿಸಿದರು. ಅವರ ಮುಖ ನೋಡಲಾಗದೆ ಲಿಫ್ಟಣ್ಣ ಬಂಡೆಯತ್ತ ತಿರುಗಿದ. ಎಡಕ್ಕೆ ಕೈ ತೋರಿಸಿದವನು ತಾನಲ್ಲವೇ!

"ನಾನು ಮೊದಲು ಹತ್ತಿ ಮೇಡಂಗೆ ಕೈ ಕೊಡ್ತೀನಿ," ಎಂದುಬಿಟ್ಟ. ಹೇಳಿದ ಮೇಲೆ ತನ್ನ ಬಾಯನ್ನು ತಾನೇ ನಂಬಲಿಲ್ಲ.

ಚೀಲ ಕಳಚಿಟ್ಟು ಬಂಡೆಗೆ ಅಂಟಿಕೊಂಡ. ಅರ್ಧ ಹೋದ. ಅಲ್ಲಿ, ಕರೆಂಟು ಹೋದ ಲಿಫ್ಟಿನಂತೆ ನಿಂತುಬಿಟ್ಟ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಣ್ಣು ಮುಚ್ಚಿತ್ತು, ಕಾಲು ಗಡಗಡ ನಡುಗುತ್ತಿತ್ತು.

"ಸದ್ದು ಮಾಡ್ಬೇಡಿ, ಧ್ಯಾನ ಮಾಡ್ತಿದ್ದಾರೆ," ಎಂದರು ಏಜೆಂಟರು.

ಧ್ಯಾನವಲ್ಲ ಎಂದು ಗೊತ್ತಾದದ್ದು ಮೇಡಂಗೆ ಒಬ್ಬರಿಗೇ. ಬೋರ್ಡಿನ ಮುಂದೆ ಉತ್ತರ ಬಾರದೆ ನಡುಗುವ ಮಕ್ಕಳ ಕಾಲುಗಳನ್ನು ಅವರು ಜೀವಮಾನವೆಲ್ಲ ನೋಡಿದ್ದರು. ಊರುಗೋಲನ್ನು ಬಂಡೆಗೆ ಒಂದೇಟು ಕುಟ್ಟಿ, ಇಡೀ ಶಾಲೆ ಗಪ್‌ಚಿಪ್ಪಾಗುವ ಆ ಹಳೇ ದನಿಯಲ್ಲಿ ಗದರಿದರು:

"ಏಯ್! ಕಣ್ಣು ಬಿಡು! ಬಲಗೈ ಆ ಬಿರುಕಲ್ಲಿಡು. ಎಡಗಾಲು ಎತ್ತು. ಹತ್ತು! ಹತ್ತು ಅಂದ್ರೆ ಹತ್ತು!"

ಹತ್ತಿದ. ಹೇಗೆ ಹತ್ತಿದನೋ ಅವನಿಗೇ ಗೊತ್ತಿಲ್ಲ, ಹೆಡ್ ಮೇಡಂ ಮಾತು ಮೀರುವ ಧೈರ್ಯ ಮಾತ್ರ ಇರಲಿಲ್ಲ. ಮೇಲೆ ಬೋರಲು ಬಿದ್ದುಕೊಂಡು ಕೈ ಚಾಚಿದ. ಕೆಳಗಿನಿಂದ ಡಾಕ್ಟರೂ ಏಜೆಂಟರೂ ಆಸರೆ ಕೊಟ್ಟರು. ಮೇಡಂ ಹಲ್ಲು ಕಚ್ಚಿ, ಹೊಸ ಮೊಣಕಾಲನ್ನು ಕಲ್ಲಿಗೊತ್ತಿ, ಒಂದು ಸಲವೂ ಅಯ್ಯೋ ಎನ್ನದೆ ಮೇಲೆ ಬಂದರು. ಆ ಹೆಣ್ಣುಮಗಳ ಗಟ್ಟಿತನಕ್ಕೆ ಎಷ್ಟು ಕೈ ಮುಗಿದರೂ ಸಾಲದು.

ಎದುರಿಗೆ ಎರಡು ಬೆಟ್ಟ, ನಡುವೆ ಸೂರ್ಯ.

"ನಾನು ಬರೆದ ಹಾಗೇ ಇದೆ ಕಣಪ್ಪ!" ಎಂದು ಮೇಡಂ ಮಗುವಿನಂತೆ ಚಪ್ಪಾಳೆ ತಟ್ಟಿದರು. ಅವರ ಕಣ್ಣಲ್ಲಿ ನೀರಿತ್ತು. ಲಿಫ್ಟಣ್ಣನ ಕಣ್ಣಲ್ಲೂ. ಇನ್ನು ಮುಚ್ಚಿಡುವುದಕ್ಕೆ ಕಾರಣವೂ ಇರಲಿಲ್ಲ, ತ್ರಾಣವೂ ಇರಲಿಲ್ಲ. ಬಳಗವೆಲ್ಲ ಮೇಲೆ ಬಂದು ಸೇರಿದ ಮೇಲೆ ಅವನು ಎದ್ದು ನಿಂತು ಕೈ ಜೋಡಿಸಿದ.

"ಎಲ್ಲರೂ ಕ್ಷಮಿಸ್ಬೇಕು. ನಾನು ಹತ್ತು ಬೆಟ್ಟ ಹತ್ತಿಲ್ಲ. ಒಂದೂ ಹತ್ತಿಲ್ಲ. ನನ್ನ ಹೆಂಡ್ತಿ ಏಣಿ ಮೇಲೆ ನಿಂತಿದ್ಲು, ಅವಳಿಗೆ ಹತ್ತು ಅಂದೆ. ಡಾಕ್ಟ್ರು ಲೆಕ್ಕ ಅಂದ್ಕೊಂಡ್ರು."

ಡಾಕ್ಟರು ನಿಧಾನವಾಗಿ ಮುಂದೆ ಬಂದು ಅವನನ್ನು ಅಪ್ಪಿಕೊಂಡರು.

"ನೋಡಿದ್ರಾ, ನೋಡಿದ್ರಾ! ಇದಪ್ಪ ವಿನಯ ಅಂದ್ರೆ! ನಮ್ಮಂಥೋರು ಒಂದು ಹತ್ತಿದ್ರೆ ಹತ್ತು ಅಂತೀವಿ, ಇವರು ಹತ್ತು ಹತ್ತಿ ಒಂದೂ ಇಲ್ಲ ಅಂತಾರೆ!"

"ತುಂಬಿದ ಕೊಡ ತುಳುಕಲ್ಲ!" ಎಂದರು ಏಜೆಂಟರು. ಚಪ್ಪಾಳೆ ಬೆಟ್ಟಕ್ಕೆಲ್ಲ ಕೇಳಿಸಿತು.

ಮೇಡಂ ಮಾತ್ರ ಅವನ ಪಕ್ಕ ಬಂದು ಮೆಲ್ಲಗೆ, "ಒಂದೂ ಹತ್ತಿಲ್ಲ ಅನ್ಬೇಡ. ಈಗ ಒಂದು ಹತ್ತಿದೀಯಲ್ಲ," ಎಂದರು. ಬಂದ ಹೊಗಳಿಕೆಗಳಲ್ಲಿ ಲಿಫ್ಟಣ್ಣ ನಿಜವಾಗಿ ಎದೆಯಲ್ಲಿಟ್ಟುಕೊಂಡದ್ದು ಅದೊಂದನ್ನೇ.

ಭಾನುವಾರ ಇಳಿದು ವ್ಯಾನು ಹತ್ತುವ ಮುಂಚೆ ಅವನು ಡಾಕ್ಟರ ಕೈ ಹಿಡಿದು, "ಡಾಕ್ಟ್ರೇ, ನಿಮ್ಮ ಬಳಗ ದೊಡ್ಡದು, ನಿಮ್ಮ ಮನಸ್ಸು ಅದಕ್ಕಿಂತ ದೊಡ್ಡದು. ಆದ್ರೆ ಇನ್ಮೇಲೆ ನನ್ನ ಭಾನುವಾರ ನನಗೆ ಬಿಟ್ಟುಬಿಡಿ," ಎಂದು ಬಿಡಿಸಿ ಹೇಳಿದ.

"ಆಗ್ಲಿ ಆಗ್ಲಿ, ಭಾನುವಾರ ನಿಮಗೇ!" ಎಂದರು ಡಾಕ್ಟರು. ಇಷ್ಟು ಸುಲಭಕ್ಕೆ ಬಿಟ್ಟಾರೆಂದು ಅವನು ಎಣಿಸಿರಲಿಲ್ಲ.

ಮನೆಗೆ ಬಂದವನು ಹಾಸಿಗೆಗೆ ಬಿದ್ದ. ಸೋಮವಾರ ಬೆಳಗಾದರೂ ಏಳಲಿಲ್ಲ. ಮೈಯೆಲ್ಲ ಹಣ್ಣಾಗಿತ್ತು. ಅಮ್ಮ ಕಾಫಿ ಲೋಟ ಹಿಡಿದು ಎಬ್ಬಿಸಲು ಬಂದರು. ತಲೆದಿಂಬಿನ ಪಕ್ಕ ಫೋನು ಕೂಗಿತು. ಅಮ್ಮನಿಗೆ ಫೋನೆಂದರೆ ಎತ್ತಬೇಕು, ಕಿವಿಗಿಡಬೇಕು, ಅಷ್ಟೇ ಗೊತ್ತು. ಎತ್ತಿ ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಗನನ್ನು ಅಲುಗಾಡಿಸಿದರು.

"ಏಳು!"

ಮಗ ಮಗ್ಗುಲು ಬದಲಾಯಿಸಿದ.

"ಏಳು! ಏಳು ಅಂದ್ರೆ ಏಳು!"

ಅವನು ಒಂದು ಕಣ್ಣು ತೆರೆದ. ಅಮ್ಮ ಫೋನನ್ನು ಹಾಸಿಗೆಯ ಮೇಲಿಟ್ಟು, "ಯಾರೋ ಏನೋ ಕೇಳ್ತಾ ಇದ್ರು, ಇದ್ದಕ್ಕಿದ್ದ ಹಾಗೆ ಖುಷಿಪಟ್ಕೊಂಡು ಇಟ್ಟುಬಿಟ್ರು," ಎಂದರು.

ಟಿಣ್ ಎಂದು ಸಂದೇಶ ಬಂತು. ಲಿಫ್ಟಣ್ಣನ ಕೈ ಏಳದ್ದರಿಂದ ಹೆಂಡತಿಯೇ ತೆಗೆದು ಗಟ್ಟಿಯಾಗಿ ಓದಿದಳು.

"ಗುರುಗಳೇ, ಮುಂದಿನ ಚಾರಣಕ್ಕೆ ಎಷ್ಟು ದಿನ ಬರ್ತೀರಿ ಅಂದರೆ ಏಳು, ಎಷ್ಟು ಬೆಟ್ಟ ಹತ್ತಿಸ್ತೀರಿ ಅಂದರೆ ಏಳು ಎಂದು ತಾಯಿಯವರಿಂದ ಹೇಳಿಸಿದಿರಿ. ಧನ್ಯನಾದೆ. ನಿಮ್ಮ ಕಂಪನಿಯ ಸಾಹೇಬರ ಹಲ್ಲು ನನ್ನ ಕೈಯಲ್ಲೇ ಇದೆ, ರಜೆಗೆ ಅವರು ಈಗಷ್ಟೇ ಊಂ ಅಂದರು. ಮುಂದಿನ ಸೋಮವಾರ ಹೊರಟು ಭಾನುವಾರ ಸಂಜೆ ವಾಪಸ್, ಮಾತು ಕೊಟ್ಟ ಹಾಗೆ ಅಲ್ಲಿಂದ ಭಾನುವಾರ ನಿಮಗೇ. ಹೆಡ್ ಮೇಡಂ ಆಗಲೇ ಚೀಲ ಕಟ್ಟಿದ್ದಾರೆ."

ಲಿಫ್ಟಣ್ಣ ನರಳುತ್ತ ಎದ್ದು ಕೂತ. "ಅಮ್ಮಾ, ಫೋನಲ್ಲಿ ಏನಂದೆ ನೀನು?"

"ಫೋನಲ್ಲಿ ನಾನೇನೂ ಅನ್ಲಿಲ್ಲಪ್ಪ," ಎಂದರು ಅಮ್ಮ, ಕಾಫಿ ಲೋಟ ಕೈಗಿಡುತ್ತ. "ನಿನಗೆ ಏಳು ಅಂದೆ, ಅಷ್ಟೆ."