ಹೊತ್ತು ಮುಳುಗುವ ಮುನ್ನ ಬೀಳುತ್ತಿದ್ದ ಬ್ರೇಕರ್

ಈ ಪ್ರಸಂಗ ಹೀಗೆಯೇ ನಡೆಯಿತೆಂದು ನಾನು ಆಣೆ ಮಾಡಿ ಹೇಳಲಾರೆ. ಯಾರ ಮಾತನ್ನೂ ಸುಮ್ಮನೆ ನಂಬಬಾರದೆಂದು ಧಾರವಾಡದಲ್ಲಿ ಓದುವಾಗ ಕಲಿತೆ. ವಯಸ್ಸಾದಂತೆ ಆ ವಿದ್ಯೆಯನ್ನು ನನ್ನ ನೆನಪಿನ ಮೇಲೆಯೇ ಪ್ರಯೋಗಿಸಬೇಕಾಗಿ ಬಂದಿದೆ. ತೊಂಬತ್ತರ ದಶಕದ ಮೊದಲ ವರ್ಷಗಳಿರಬೇಕು. ಚಿಕ್ಕೋಡಿಯ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೆ. ನಮ್ಮದು ಬಾಡಿಗೆ ಮನೆ. ಮಾಲೀಕರು ಆಗಷ್ಟೇ ಹಳೆಯ ಫ್ಯೂಜ್ ತೆಗೆಸಿ, ಕರೆಂಟ್ ಎಲ್ಲಾದರೂ ಸೋರಿದರೆ ತಾನಾಗಿ ಬೀಳುವ ಬ್ರೇಕರ್ ಹಾಕಿಸಿದ್ದರು. ಅದು ಬಿದ್ದೇ ಬಿತ್ತು, ಅದೂ ಸರಿಯಾಗಿ ಸಂಜೆಯ ಅಡುಗೆಯ ಹೊತ್ತಿಗೆ. ಎತ್ತಿದರೆ ಮತ್ತೆ ಬೀಳುತ್ತಿತ್ತು.

ಬೇರೆ ಮನೆಯಾಗಿದ್ದರೆ ಊಟ ಒಂದು ತಾಸು ತಡವಾಗುತ್ತಿತ್ತು, ಅಷ್ಟೇ. ನಾವು ಜೈನರು, ಅವ್ವ ಕಟ್ಟಾ ನೇಮದವಳು. ಹೊತ್ತು ಮುಳುಗಿದ ಮೇಲೆ ಹನಿ ನೀರನ್ನೂ ಮುಟ್ಟಳು. ಗ್ಯಾಸ್ ಮುಗಿದು ಕರೆಂಟ್ ಒಲೆಯೇ ಗತಿಯಾಗಿತ್ತು. ಅನ್ನ ಅರೆಬೆಂದು ನಿಂತರೆ ಅವ್ವನಿಗೆ ಬೆಳಗಿನವರೆಗೆ ಉಪವಾಸ. ಎರಡು ಸಂಜೆ ಹಾಗೆಯೇ ಮಲಗಿದಳು. "ನನ್ನ ಚಿಂತಿ ಬಿಡೋ ತಮ್ಮಾ. ನೀ ಇಷ್ಟ ಓದೀದಿ, ಒಂದ ಬಟನ್ ನಿನ್ನ ಮಾತ ಕೇಳವಲ್ದಲ್ಲ, ಅದಕ್ಕ ಕೆಟ್ಟ ಅನಸ್ತೈತಿ" ಎಂದಳು.

ನಾನು ತರ್ಕಬದ್ಧವಾಗಿ ಹೊರಟೆ. ಮೊದಲು ಟಿ.ವಿ. ಬಂದ್ ಮಾಡಿದೆ, ಆಮೇಲೆ ಫ್ಯಾನ್. ಬಳಿಕ ಸಂಶಯ ಪಕ್ಕದ ಹಿಟ್ಟಿನ ಗಿರಣಿಯ ಮೇಲೆ ಹೋಯಿತು. ಅದರ ಮೋಟಾರೇ ನಮ್ಮ ಬ್ರೇಕರ್ ಕೆಡವುತ್ತಿದೆಯೆಂದು ಗಿರಣಿಯವನಿಗೆ ಕಾರ್ಯಕಾರಣ ಸಂಬಂಧ ವಿವರಿಸಿದೆ. ಆತ ಪೂರ್ತಿ ಕೇಳಿಸಿಕೊಂಡು, "ಖರೇ ಇರಬೇಕ್ರಿ ಸರ. ಆದ್ರ ಪಟ್ಟಾ ಹರದು ಗಿರಣಿ ಬಂದ್ ಆಗಿ ಎಂಟ ದಿನಾ ಆತ್ರಿ" ಎಂದ.

ಮೂರನೆಯ ಸಂಜೆ ವಾಯರಮನ್ ದಾದಾಸಾಹೇಬನನ್ನು ಕರೆತಂದೆ. ಆತ ಬ್ರೇಕರ್ ಬಿಚ್ಚಲೇ ಇಲ್ಲ. ಅಡುಗೆಮನೆಗೆ ಬಂದು, ಕತ್ತೆತ್ತಿ ನೋಡಿ ನಕ್ಕ. ಒಲೆಯ ಪ್ಲಗ್ಗಿನ ನೇರಕ್ಕೆ, ಗೋಡೆಯ ಎತ್ತರದಲ್ಲಿ ಒಂದು ಮೊಳೆ. ಮೊಳೆಗೆ ನಾವು ಕುಡಿಯುವ ನೀರು ಸೋಸುವ ಹಸಿ ಬಟ್ಟೆ. ಅದರಿಂದ ತೊಟ್ ತೊಟ್ ಎಂದು ಪ್ಲಗ್ಗಿನೊಳಗೆ ಹನಿ.

"ಬ್ರೇಕರ್ ಶಾಣ್ಯಾ ಐತಿ ನೋಡ್ರಿ ಸರ. ತನ್ನ ಕೆಲಸಾ ಬರೋಬರ್ ಮಾಡಾಕತ್ತೈತಿ."

ಬೆಳಗಿನ ಬಟ್ಟೆ ಅಂಗಳದ ಬಿಸಿಲಿಗೆ ಹೋಗುತ್ತಿತ್ತು. ಸಂಜೆ ಅಂಗಳದಲ್ಲಿ ಬಿಸಿಲಿರದ್ದರಿಂದ ಆಗಿನ ಬಟ್ಟೆ ಒಳಗೇ ಉಳಿಯುತ್ತಿತ್ತು. ನನ್ನ ಹೆಂಡತಿ ಪದ್ಮಾ ನನ್ನತ್ತ ತಿರುಗಿದಳು. "ಸಂಜಿಗೆ ನೀರ ಸೋಸಾವ್ರು ನೀವ ಅಲ್ಲೇನ್ರಿ?"

"ಸೋಸಾಂವ ನಾನು. ಬಟ್ಟಿ ಒಣಗ ಹಾಕಾಕಿ ನೀನು."

"ಜಗಳಾ ಆಮ್ಯಾಲ ಆಡ್ರಿ. ಹೊತ್ತ ಹೊಂಟೈತಿ, ಮೊದಲ ಎಸರ ಇಡ್ರಿ!" ಅವ್ವ ಗದರಿದಳು.

ದಾದಾಸಾಹೇಬ ಒಲೆಯನ್ನು ಪಡಸಾಲೆಯ ಪ್ಲಗ್ಗಿಗೆ ಹಚ್ಚಿಕೊಟ್ಟ. ನಾವೆಲ್ಲ ಪಾತ್ರೆಯ ಸುತ್ತ ನಿಂತೆವು. ಅಕ್ಕಿ ಅಷ್ಟು ನಿಧಾನವಾಗಿ ಬೆಂದದ್ದನ್ನು ನಾನು ಕಂಡಿಲ್ಲ. ಎದುರು ಗೋಡೆಯ ಮೇಲೆ ಅಂಗೈಯಗಲ ಬಿಸಿಲು ಉಳಿದಿರುವಾಗ ಅವ್ವ ಉಂಡು ಕೈ ತೊಳೆದಳು.

ಬಟ್ಟೆ ಹಾಕಿದವರು ಯಾರೆಂಬ ವಾದ ಮಾತ್ರ ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆಯಿತು. ಪದ್ಮಾಳೇ ಹಾಕುತ್ತಿದ್ದ ಚಿತ್ರ ಈಗಲೂ ನನ್ನ ಕಣ್ಣಮುಂದಿದೆ. ಈಚೆಗೆ ಆ ಊರಿಗೆ ಹೋದಾಗ, ಮಾಲೀಕರ ಅಪ್ಪಣೆ ಪಡೆದು ಅಡುಗೆಮನೆಗೆ ಹೊಕ್ಕೆವು. ಮೊಳೆ ಅಲ್ಲೇ ಇತ್ತು. ಪದ್ಮಾ ತುದಿಗಾಲಲ್ಲಿ ನಿಂತು ಕೈ ಚಾಚಿದಳು. ಒಂದು ಗೇಣು ಕಡಿಮೆ ಬಿತ್ತು. ನಾನೂ ಕೈ ಚಾಚಿದೆ. ಮೊಳೆ ಮುಟ್ಟಲು ಹಿಮ್ಮಡಿ ಎತ್ತುವ ಅಗತ್ಯವೇ ಬೀಳಲಿಲ್ಲ.