ಆರಾಮ್ರಿ? ಹಾಂ, ಹೇಳ್ರಿ

ಮನುಷ್ಯನಿಗೆ ಒಂದಾದರೂ ಹೆಮ್ಮೆ ಇರಬೇಕು ಎಂದು ನಂಬಿದವನು ನಾನು. ನನಗೆ ರೂಪದ ಹೆಮ್ಮೆ ಇಲ್ಲ, ಮನೆಯಲ್ಲಿ ಕನ್ನಡಿ ಇದೆ. ವಿದ್ಯೆಯ ಹೆಮ್ಮೆಯೂ ಇಲ್ಲ, ನನ್ನ ಹಳೆಯ ಅಂಕಪಟ್ಟಿಯನ್ನು ಹೆಂಡತಿ ನೋಡಿಬಿಟ್ಟಿದ್ದಾಳೆ. ಉಳಿದದ್ದು ಒಂದೇ. ಫೋನಿನಲ್ಲಿ ನನ್ನಷ್ಟು ಮರ್ಯಾದೆಯಿಂದ ಮಾತನಾಡುವವನು ಹುಬ್ಬಳ್ಳಿ-ಧಾರವಾಡದಲ್ಲಿ ಮತ್ತೊಬ್ಬನಿಲ್ಲ ಎಂಬ ಹೆಮ್ಮೆ. ಅಮರಗೋಳದ ಹತ್ತಿ ಬೀಜದ ಆಫೀಸೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಹೆಡ್ ಕ್ಲಾರ್ಕ್ ಆಗಿದ್ದೇನೆ. ರಾಂಗ್ ನಂಬರ್ ಹಚ್ಚಿದವರನ್ನೂ ಊಟ ಆಯಿತೇ ಎಂದು ವಿಚಾರಿಸದೆ ಬಿಟ್ಟವನಲ್ಲ. ಕಳೆದ ತಿಂಗಳ ಒಂದು ಬುಧವಾರ ಈ ಹೆಮ್ಮೆ ಇಡೀ ಆಫೀಸಿನೆದುರು ಮಣ್ಣುಪಾಲಾಯಿತು. ಆ ಆಘಾತದಿಂದ ನಾನಿನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ.

ಅದನ್ನು ಹೇಳುವ ಮೊದಲು ಶಿವರುದ್ರಪ್ಪನ ವಿಷಯ ಹೇಳಬೇಕು. ಗಬ್ಬೂರಿನ ಹತ್ತಿ ವ್ಯಾಪಾರಿ, ಸಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನ ಮೇಲೆ ಕೂತವನು. ಆರು ವರ್ಷದಿಂದ ನಮ್ಮಿಬ್ಬರಲ್ಲಿ ಮಾತಿಲ್ಲ. ಕಾರಣ ಅವನ ಮಗಳ ಮದುವೆ. ನಮ್ಮ ಕಡೆ ಮದುವೆಯ ಕಾರ್ಡಿಗೆ ಬೆಲೆಯಿಲ್ಲ. ಬೇಕಾದವರನ್ನು ಬಾಯಿ ಬಿಟ್ಟು ಕರೆಯಬೇಕು. ನನಗೆ ಬಂದದ್ದು ಬರೀ ಕಾರ್ಡು, ಅದೂ ಅಂಗಡಿಯ ಆಳಿನ ಕೈಯಲ್ಲಿ. ನಾನು ಹೋಗಲಿಲ್ಲ. ಹೋಗದಿದ್ದುದಷ್ಟೇ ಅಲ್ಲ, ಶಿವರುದ್ರನಿಗೆ ಸೊಕ್ಕು ಬಂದಿದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ದುರ್ಗದಬೈಲಿನಲ್ಲಿ ಅವನು ಎದುರಿಗೆ ಬಂದರೆ ಪಕ್ಕದ ಬಳೆ ಅಂಗಡಿಗೆ ನುಗ್ಗಿ, "ಯಾವ ಅಳತಿ ಬೇಕ್ರಿ?" ಎಂದು ಅಂಗಡಿಯವಳು ಕೇಳುವ ತನಕ ಬಳೆಗಳನ್ನೇ ನೋಡುತ್ತ ನಿಲ್ಲುತ್ತಿದ್ದೆ. ನಿಜ ಹೇಳಬೇಕೆಂದರೆ ಅವನಿಲ್ಲದೆ ನನ್ನ ಭಾನುವಾರಗಳು ಬಣಬಣ ಎನ್ನುತ್ತಿದ್ದವು. ಆದರೆ ಕರೆಯದವನ ಬಳಿ ನಾನಾಗಿ ಹೋಗುವುದು ಹೇಗೆ?

ಇನ್ನು ಡಬ್ಬಿಯ ವಿಷಯ. ನಮ್ಮ ಆಫೀಸಿನ ಗೋಡೆಯ ಮೇಲೆ ಇಂಟರ್‌ಕಾಮಿನ ಒಂದು ಹಳೆಯ ಡಬ್ಬಿ ಇತ್ತು. ಅದಕ್ಕೆ ವಾಯ್ಸ್‌ಮೇಲ್ ಎಂಬ ಸೌಕರ್ಯವಿತ್ತು. ಯಾರೂ ಫೋನ್ ಎತ್ತದಿದ್ದರೆ ಆರು ಸಲ ಗಂಟೆ ಹೊಡೆದು, ತಾನೇ ಎತ್ತಿ, ಹೇಳಿದ್ದನ್ನು ತುಂಬಿಕೊಳ್ಳುತ್ತಿತ್ತು. ಅದನ್ನು ಕೂರಿಸಿದಾಗ, "ಈಗ ಇಲ್ಲಿ ಯಾರೂ ಇಲ್ಲ, ನಿಮ್ಮ ಸಂದೇಶ ಹೇಳಿ" ಎಂದು ನನ್ನ ಧ್ವನಿಯಲ್ಲಿ ಮುದ್ರಿಸಲು ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ. ಬಾಗಿಲಿಗೆ ಬಂದವರಿಗೆ "ಇಲ್ಲ" ಎನ್ನುವುದು ನಮ್ಮ ಮನೆತನದಲ್ಲೇ ಇಲ್ಲ. ಹಾಗಾಗಿ ನನ್ನದೇ ರೀತಿಯಲ್ಲಿ ಹೇಳಿ, ಆಮೇಲೆ ಆ ಸಂಗತಿಯನ್ನೇ ಮರೆತೆ. ಸಂದೇಶ ಬಂದರೆ ಡಬ್ಬಿಯ ಮೇಲೆ ಕೆಂಪು ದೀಪ ಹತ್ತುತ್ತದೆ ಎಂದೂ ಹೇಳಿದ್ದರಂತೆ. ಆದರೆ ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಆ ಡಬ್ಬಿಗೂ ಮೂರು ಬೆರಳಿನ ವಿಭೂತಿ ಬಳಿದು, ನಟ್ಟನಡುವೆ ಕುಂಕುಮ ಇಡುತ್ತಿದ್ದವನು ನಾನೇ. ದೀಪ ಇದ್ದದ್ದು ಸರಿಯಾಗಿ ಆ ಕುಂಕುಮದ ಅಡಿಯಲ್ಲಿ.

ಆ ಬುಧವಾರ ಡಬ್ಬಿಯನ್ನು ಗುಜರಿಗೆ ಹಾಕುವ ದಿನ. "ಒಳಗ ಹಳೇ ದನಿ ಏನಾರ ಇದ್ರ ಲ್ಯಾಪ್‌ಟಾಪಿಗೆ ಇಳಿಸಿ ಇಟ್ಕೋರಿ" ಎಂದು ಸಾಹುಕಾರರು ಅಪ್ಪಣೆ ಮಾಡಿ ಹೋಗಿದ್ದರು. ದುರ್ಗದಬೈಲಿನಲ್ಲಿ ರೇಡಿಯೋ, ಫೋನು ರಿಪೇರಿ ಮಾಡುವ ರಫೀಕ ಬಂದ. ಒಂದು ವೈರಿನ ಈ ತುದಿಯನ್ನು ಡಬ್ಬಿಗೂ ಆ ತುದಿಯನ್ನು ಲ್ಯಾಪ್‌ಟಾಪಿಗೂ ಚುಚ್ಚಿದ. ಹಳೆಯ ಡಬ್ಬಿಯಾದ್ದರಿಂದ ಒಂದೊಂದೇ ಸಂದೇಶ ನುಡಿಯಬೇಕು, ಲ್ಯಾಪ್‌ಟಾಪು ಕೇಳಿ ತುಂಬಿಕೊಳ್ಳಬೇಕು. "ಕಾಕಾ, ತೊಂಬತ್ತು ಅದಾವ್ರಿ. ಹೊಟ್ಟಿ ತುಂಬಿ ಯಾವಾಗೋ ನಿಂತೈತಿ" ಎಂದ. ನಾವು ಆರು ಜನ ಚಹಾ ಹಿಡಿದುಕೊಂಡು ಸುತ್ತ ಕೂತೆವು.

ಮೊದಲು ಬಂದದ್ದು ನನ್ನ ಧ್ವನಿ. "ನಮಸ್ಕಾರ್ರಿ. ಆರಾಮ್ರಿ? ಮನ್ಯಾಗ ಎಲ್ಲಾರೂ ಆರಾಮ? ಹಾಂ, ಹೇಳ್ರಿ." ಆಮೇಲೆ ಪೀಂ ಎಂದು ಸಣ್ಣ ಸದ್ದು. ಎಷ್ಟು ಚೆನ್ನಾಗಿ ಮಾತನಾಡಿದ್ದೇನೆ ಎಂದು ನಾನು ಮೀಸೆಯಡಿ ನಗುತ್ತಿದ್ದಾಗ ಒಬ್ಬ ರೈತನ ಧ್ವನಿ ಬಂತು. "ನಾವು ಆರಾಮ್ರಿ, ನೀವು ಆರಾಮ್ರಿ?" ಎಂದು ಕೇಳಿ ಕಾದ. "ಬೀಜ ಬಂದಾವೇನ್ರಿ?" ಮತ್ತೆ ಕಾದ. "ಹಲೋ, ಕೇಳಾಕತ್ತೀರೇನ್ರಿ? ಫೋನ್ ಎತ್ತಿ ಉಸರೂ ಬಿಡವಲ್ರಲ್ಲ." ಎರಡನೆಯದು ಒಬ್ಬ ಹೆಣ್ಣುಮಗಳದು. "ಆರಾಮ ಕೇಳೂದೇನ ಛಲೋ ಕೇಳ್ತೀರಿ. ಮುಂದ ಬಾಯಾಗ ಏನ ಇಟ್ಕೊಂಡೀರ್ರಿ?" ಹೀಗೇ ಒಂದರ ಹಿಂದೆ ಒಂದು. ಪ್ರತಿಯೊಬ್ಬರೂ ನನ್ನ ಕ್ಷೇಮ ವಿಚಾರಿಸಿ, ಕಾದು, ಕೊನೆಗೆ ಬೈದು ಇಟ್ಟಿದ್ದರು. ನಾನು ಚಕ್ಕಡಿಯಿಂದ ಬಿದ್ದವನ ಹಾಗೆ ಕೂತಿದ್ದೆ. ನಾನು ಊಟದ ಬುತ್ತಿ ಬಿಚ್ಚಿ, ಬೀಜದ ಚೀಲಕ್ಕೆ ಒರಗಿ ನಿದ್ದೆ ಹೊಡೆಯುತ್ತಿದ್ದ ಮಧ್ಯಾಹ್ನಗಳಲ್ಲೆಲ್ಲ ನನ್ನ ಮರ್ಯಾದೆ ಹೀಗೆ ಕಳೆಯುತ್ತಿತ್ತು. ರಫೀಕ ಮೆಲ್ಲಗೆ ಹೇಳಿದ, "ಕಾಕಾ, ನಾನೂ ಒಮ್ಮಿ ಹಚ್ಚಿದ್ನಿರಿ. ಹೇಳ್ರಿ ಅಂದು ಸುಮ್ಮನಾದ್ರಿ. ದೊಡ್ಡ ಮಂದಿ ಅಂತ ಬಿಟ್ನಿ."

ನಲವತ್ತನೆಯದೋ ಏನೋ ಬಂದಾಗ ಬಾಯಿಗೆ ಒಯ್ದ ಕಪ್ಪನ್ನು ಕೆಳಗಿಳಿಸಿದೆ.

"ಏ ಗುರುಸಿದ್ದ, ನಾ ಶಿವರುದ್ರ. ಎಲ್ಲಾ ಆರಾಮ ನೋಡು. ಮಗಳ ಲಗ್ನ ಗೊತ್ತಾತು. ಕಾರ್ಡ್ ಕಳಸ್ತೇನಿ, ಆದ್ರ ನಿನಗ ಕಾರ್ಡಿನ್ಯಾಗ ಕರಿಯೂದಲ್ಲ. ಮೊಣಕಾಲಿಗೆ ಬಾವು ಬಂದೈತಿ, ನಿಮ್ಮ ಮನಿ ಮೆಟ್ಟಲಾ ಹತ್ತಾಕ ಆಗವಲ್ದು. ಅದಕ್ಕ ಫೋನಿನ್ಯಾಗ ಕರಿಯಾಕತ್ತೇನಿ, ತಪ್ಪ ತಿಳಕೋಬ್ಯಾಡ. ನೀ ಮುಂದ ನಿಂತು ಮಾಡಬೇಕು ಈ ಲಗ್ನ. ಬರ್ತಿ ಇಲ್ಲೋ?" ಸದ್ದಿಲ್ಲ. "ಸಿಟ್ಟ ಬಂತೇನು? ಒಂದ ಹೂಂ ಅನ್ನು ಸಾಕು." ಬಹಳ ಹೊತ್ತು ಅವನ ಉಸಿರಷ್ಟೇ ಕೇಳಿಸಿತು. "ಆತಪಾ. ನಿನ್ನ ಮರ್ಜಿ."

ಚಹಾದ ಕಪ್ಪು ಕೈಯಲ್ಲೇ ಆರಿಹೋಯಿತು. ಬಾಯಿ ಬಿಟ್ಟು ಕರೆದಿದ್ದ, ಕುಂಟುವ ಕಾಲಿಗೆ ಕ್ಷಮೆಯನ್ನೂ ಕೇಳಿದ್ದ. ಅವನ ಲೆಕ್ಕದಲ್ಲಿ ನಾನು ಫೋನ್ ಎತ್ತಿ, ಕ್ಷೇಮ ಕೇಳಿ, ಮಗಳ ಮದುವೆಯ ಸುದ್ದಿಗೆ ಬಾಯಿ ಮುಚ್ಚಿ ಕೂತಿದ್ದೆ. ನನಗೆ ನಾಚಿಕೆಯಾಯಿತು, ಅಳುವೂ ಬಂತು. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಅದ್ರಾಗೇನೈತ್ರಿ? ನಾ ಮೂವತ್ತು ವರ್ಷದಿಂದ ನಿಮ್ಮ ಕೂಡ ಹಂಗ ಮಾತಾಡಾಕತ್ತೇನಿ" ಎಂದು ರೊಟ್ಟಿ ತಿರುವಿ ಹಾಕಿದಳು.

ಮತ್ತೆ ಫೋನ್ ಮುಟ್ಟುವ ಧೈರ್ಯ ಬರಲಿಲ್ಲ. ಸಾಹುಕಾರರ ಅಪ್ಪಣೆ ಪಡೆದು, ಲ್ಯಾಪ್‌ಟಾಪನ್ನು ಚೀಲದಲ್ಲಿಟ್ಟುಕೊಂಡು ಭಾನುವಾರ ಗಬ್ಬೂರಿಗೆ ಹೋದೆ. ಶಿವರುದ್ರಪ್ಪ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಮುಖ ತಿರುಗಿಸಿದ, ಆದರೆ ಎದ್ದು ಹೋಗಲಿಲ್ಲ. ಆ ಮೊಣಕಾಲು ಇನ್ನೂ ಸರಿಯಿರಲಿಲ್ಲ. ನಾನು ಏನೂ ಹೇಳದೆ ಪಕ್ಕದಲ್ಲಿ ಕೂತು, ಲ್ಯಾಪ್‌ಟಾಪ್ ತೆರೆದು, ಮೊದಲು ಡಬ್ಬಿಯೊಳಗಿನ ನನ್ನನ್ನೂ, ಆ ರೈತನನ್ನೂ, ಆ ಹೆಣ್ಣುಮಗಳನ್ನೂ ಕೇಳಿಸಿದೆ. ಆಮೇಲೆ ಅವನನ್ನೇ ಕೇಳಿಸಿದೆ. ತನ್ನ ಧ್ವನಿ ಮುಗಿಯುವ ತನಕ ಅವನು ಅಂಗಳವನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ, "ಮತ್ತ, ಬರ್ತಿ ಇಲ್ಲೋ?"

"ಹೂಂ" ಎಂದೆ.

ಅವನು ಒಳಗೆ ಕೂಗಿ ಹೇಳಿದ, "ಏ ಕೇಳಿಲ್ಲಿ, ಲಗ್ನಕ್ಕ ಮಂದಿ ಬಂದಾರ, ಚಹಾ ಇಡು."

ಚಹಾ ಬಂತು. ಅದರ ಜೊತೆಗೆ ನನ್ನ ಧ್ವನಿಯೂ ಮರಳಿ ಬಂತು. "ಇಲ್ಲ" ಎನ್ನಲು ನನಗೇಕೆ ಮನಸ್ಸಾಗಲಿಲ್ಲ, ಕುಂಕುಮ ಎಲ್ಲಿಟ್ಟೆ, ದೀಪ ಎಲ್ಲಿತ್ತು, ರಫೀಕ ವೈರನ್ನು ಹೇಗೆ ಚುಚ್ಚಿದ ಎಂದು ಒಂದೂ ಬಿಡದೆ ವಿವರಿಸತೊಡಗಿದೆ. ಆರು ವರ್ಷದ್ದು ಬಾಕಿ ಇತ್ತಲ್ಲ. ಎರಡನೆಯ ಕಪ್ಪು ಮುಗಿದರೂ ನಾನಿನ್ನೂ ಖಂಡೇಪೂಜೆಯಲ್ಲೇ ಇದ್ದೆ. ಶಿವರುದ್ರಪ್ಪ ನನ್ನ ತೊಡೆಯ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದ.

"ಗುರುಸಿದ್ದ, ಆ ಡಬ್ಬೀನ ಛಲೋ ಇತ್ತಪಾ. ಆರಾಮ ಕೇಳಿ ಸುಮ್ಮನಾಗ್ತಿತ್ತು."