ಸತ್ತ ರಾಜ ಅಲುಗಬಾರದು

ಕಟ್‌ಬರ್ಟ್ ಪಿನಕ್ ಮಾಡಿದ್ದು ಒಂದೇ ಒಂದು ತಪ್ಪು. ಆರು ಹೆಂಗಸರ ಹೆಸರನ್ನು ಒಂದರ ಕೆಳಗೊಂದು ಬರೆದು ಚರ್ಚಿನ ಸಭಾಂಗಣದ ಬಾಗಿಲಿಗೆ ಅಂಟಿಸಿದ. ಅಂಟಿಸಿದಾಗ ಬೆಳಗಿನ ಎಂಟು ಗಂಟೆ. ಎಂಟೂವರೆಗೆಲ್ಲ ಲಿಟಲ್ ಸ್ನಾಡ್ಬರಿ ಊರಿನಲ್ಲಿ ಅವನ ಮುಖ ನೋಡಿ ನಗುವ ಹೆಂಗಸು ಒಬ್ಬಳೂ ಉಳಿದಿರಲಿಲ್ಲ.

ಅವತ್ತು ಜುಲೈ ತಿಂಗಳ ಮೊದಲ ಶನಿವಾರ. ಪ್ರತಿ ವರ್ಷ ಆ ದಿನ ಊರ ನಡುವಿನ ಹುಲ್ಲುಗಾವಲಿನಲ್ಲಿ ಎಂಟನೇ ಹೆನ್ರಿಯ ನಾಟಕ ಆಗಲೇಬೇಕು. ರಾಜನಾದವನು ಆರು ಮದುವೆ ಮಾಡಿಕೊಳ್ಳಬೇಕು, ಇಬ್ಬರನ್ನು ಬಿಡಬೇಕು, ಇಬ್ಬರ ತಲೆ ತೆಗೆಸಬೇಕು, ಒಬ್ಬಳನ್ನು ಮಣ್ಣು ಮಾಡಬೇಕು, ಕೊನೆಯವಳ ಕಣ್ಣೆದುರಿಗೆ ತಾನೇ ಸಾಯಬೇಕು. ಇಷ್ಟೆಲ್ಲವೂ ಮುಕ್ಕಾಲು ಗಂಟೆಯೊಳಗೆ, ಚಹಾ ಆರುವ ಮುಂಚೆ ಮುಗಿಯಬೇಕು. ಯಾವ ಹೆಂಗಸಿಗೆ ಯಾವ ರಾಣಿ ಎಂಬುದನ್ನು ರಾಜನೇ ಗೊತ್ತುಮಾಡಿ ಅದೇ ದಿನ ಬೆಳಗ್ಗೆ ಪಟ್ಟಿ ಹಾಕುವುದು ಅಜ್ಜಂದಿರ ಕಾಲದ ಪದ್ಧತಿ. ಮಾತುಗಳು ಹೇಗೂ ಹೆಂಗಸರಿಗೆಲ್ಲ ಬಾಯಿಪಾಠ. ಪಟ್ಟಿಯನ್ನು ಒಂದು ವಾರ ಮೊದಲೇ ಹಾಕಿದರೆ ಒಂದು ವಾರವೂ ಜಗಳವೇ ಆದೀತು ಎಂದು ಆ ಅಜ್ಜಂದಿರು ಅನುಭವದಿಂದಲೇ ಕಂಡುಕೊಂಡಿರಬೇಕು.

ಗಡಿಯಾರ ರಿಪೇರಿ ಮಾಡುವ ಕಟ್‌ಬರ್ಟ್ ಕಡ್ಡಿಯಂಥ ಮನುಷ್ಯ. ಹೊಟ್ಟೆಗೆ ಎರಡು ದಿಂಬು ಕಟ್ಟಿಕೊಂಡರೂ ರಾಜನ ನಿಲುವಂಗಿ ಅವನ ಮೈಮೇಲೆ ಬಾವುಟದ ಹಾಗೆ ಹಾರಾಡುತ್ತಿತ್ತು. ಹನ್ನೊಂದು ವರ್ಷ ರಾಜನಾಗಿ ಮೆರೆದವನು ಕಸಾಯಿ ಅಂಗಡಿಯ ಗಿಲ್ಬರ್ಟ್ ರಡ್ಜ್. ದಿಂಬಿಲ್ಲದೆಯೇ ರಾಜನ ಹೊಟ್ಟೆ ಅವನಿಗಿತ್ತು. ಆದರೆ ಹೋದ ವರ್ಷ ಸತ್ತು ಮಲಗಿದ್ದ ಗಿಲ್ಬರ್ಟ್ ಸೀನಿಬಿಟ್ಟ. ಒಂದಲ್ಲ, ಮೂರು ಸೀನು. ಜಿಲ್ಲೆಯಿಂದ ಬಂದ ತೀರ್ಪುಗಾರರು ಬಹುಮಾನದ ಬೆಳ್ಳಿ ಬಟ್ಟಲನ್ನು ಪಕ್ಕದ ಗ್ರೇಟ್ ಸ್ನಾಡ್ಬರಿಗೆ ಕೊಟ್ಟು ಹೋದರು. ಅಂದಿನಿಂದ ಊರಿಗೆ ಬೇಕಾದದ್ದು ದಪ್ಪ ರಾಜನಲ್ಲ, ಅಲುಗದ ರಾಜ. ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಗಡಿಯಾರದ ಮೇಲೆ ಬಗ್ಗಿರುತ್ತಿದ್ದ ಕಟ್‌ಬರ್ಟ್‌ನ ತಲೆಗೆ ಕಿರೀಟ ಹೀಗೆ ಬಂತು. ಗಿಲ್ಬರ್ಟ್ ಒಂಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ನನಗೆ ಕೊನೇಲಿ ಬರೋ ಸೀಮರ್ ಪಾತ್ರ ಸಾಕಪ್ಪ. ಎರಡೇ ಎರಡು ಮಾತು," ಎಂದು ಅದನ್ನು ಕೇಳಿ ಪಡೆದ.

ಕಟ್‌ಬರ್ಟ್‌ಗೆ ಬಟ್ಟಲು ಬೇಕಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಡಾರ್ಕಸ್ ಟಿಲ್ಲಿ. ಎದುರುಗಡೆ ಗುಂಡಿ ನೂಲು ಮಾರುವ ಅಂಗಡಿ ಅವಳದು; ನಾಟಕದ ಉಡುಪುಗಳನ್ನೆಲ್ಲ ಹೊಲಿಯುವವಳೂ ಅವಳೇ. ಒಂಬತ್ತು ವರ್ಷದಿಂದ ಕಟ್‌ಬರ್ಟ್ ಕಿಟಕಿಯಿಂದ ಅವಳನ್ನೇ ನೋಡುತ್ತ, ಬೇಡದಿದ್ದರೂ ವಾರಕ್ಕೊಂದು ಗುಂಡಿ ಕೊಳ್ಳುತ್ತ ಬಂದಿದ್ದ. ಅವನ ಮೇಜಿನ ಖಾನೆಯಲ್ಲಿ ಐನೂರಕ್ಕೆ ಹತ್ತಿರ ಗುಂಡಿಗಳಿದ್ದವು, ಬಾಯಲ್ಲಿ ಮಾತು ಮಾತ್ರ ಒಂದೂ ಇರಲಿಲ್ಲ. ಈ ಸಲ ಏನಾದರೂ ಆಗಲಿ ಎಂದು ಧೈರ್ಯ ಮಾಡಿ, ತೀರಿಹೋದ ಅಮ್ಮನ ಕೆಂಪು ಹರಳಿನ ಉಂಗುರವನ್ನು ತನ್ನ ಕಿರುಬೆರಳಿಗೆ ಹಾಕಿಕೊಂಡಿದ್ದ. ರಾಜನ ಕೈಯಲ್ಲಿ ಉಂಗುರ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ನಾಟಕದ ಆರನೇ ಮದುವೆಯಲ್ಲಿ ಅದನ್ನೇ ಅವಳ ಬೆರಳಿಗೆ ಹಾಕಿ, ಆಮೇಲೆ ಮೆಲ್ಲಗೆ, 'ಇದು ನಾಟಕದ್ದಲ್ಲ' ಎಂದು ಹೇಳುವುದು ಅವನ ಉಪಾಯ. ಅದಕ್ಕೇ ಪಟ್ಟಿಯಲ್ಲಿ ಆರನೇ ರಾಣಿ ಡಾರ್ಕಸ್.

ಮೊದಲು ಅಂಗಡಿಗೆ ನುಗ್ಗಿದವಳು ನಾಟಕ ಸಮಿತಿಯ ಅಧ್ಯಕ್ಷೆ ಮಿಸೆಸ್ ಬ್ಲಾಚ್‌ಫರ್ಡ್.

"ಏನ್ರೀ ಪಿನಕ್, ನಾನು ಮೊದಲನೆಯವಳಾ? ಇಪ್ಪತ್ನಾಲ್ಕು ವರ್ಷ ಸಂಸಾರ ಮಾಡಿ ಬೀದಿಪಾಲಾದವಳಾ? ನನಗೆ ಮದುವೆ ಆಗಿ ಈ ಸೆಪ್ಟೆಂಬರ್‌ಗೆ ಎಷ್ಟು ವರ್ಷ ಗೊತ್ತಾ?"

"ಎಷ್ಟು ಮೇಡಂ?"

"ಇಪ್ಪತ್ನಾಲ್ಕು! ಪಟ್ಟಿ ನೋಡ್ದಾಗಿಂದ ನಮ್ಮೆಜಮಾನ್ರು ಒಬ್ಬೊಬ್ಬರೇ ನಗ್ತಾ ಇದ್ದಾರೆ."

ಅವಳ ಹಿಂದೆಯೇ ಶಾಲೆಯ ಮಿಸ್ ಕ್ರಾಬ್ ಬಂದಳು. ಅವಳಿಗೆ ಸಿಕ್ಕಿದ್ದು ನಾಲ್ಕನೇ ರಾಣಿ, ರಾಜ ಮುಖ ನೋಡಿಯೇ ಬೇಡವೆಂದವಳು. ಮಿಸ್ ಕ್ರಾಬ್ ಗೋಡೆಯ ಮೇಲಿನ ಕನ್ನಡಿಯ ಮುಂದೆ ನಿಂತು, "ನೀವೇ ಹೇಳಿ ಪಿನಕ್, ಯಾವ ಭಾಗ ನೋಡಕ್ಕಾಗಲ್ಲ? ಮೂಗಾ?" ಎಂದಳು. ಕಟ್‌ಬರ್ಟ್ ಅವಳ ಮೂಗನ್ನು ನೋಡಿದ್ದೇ ತಪ್ಪಾಯಿತು. ಬಾಗಿಲು ಧಡಾರನೆ ಬಡಿದುಕೊಂಡು, ಗೋಡೆಯ ಏಳು ಗಡಿಯಾರಗಳು ಒಟ್ಟಿಗೆ ನಿಂತುಹೋದವು.

ಬೇಕರಿಯ ಹಾಬ್ಡೇ ಅಕ್ಕತಂಗಿಯರದು ಇನ್ನೊಂದು ರಗಳೆ. ಅಕ್ಕ ಎರಡನೇ ರಾಣಿ, ತಂಗಿ ಐದನೆಯವಳು; ಇಬ್ಬರ ತಲೆಯೂ ಹೋಗುವುದೇ. ಅದಕ್ಕೆ ಅವರ ಅಭ್ಯಂತರವೇನೂ ಇರಲಿಲ್ಲ.

"ಅಕ್ಕನ ತಲೆ ತೆಗೆಯೋಕೆ ಫ್ರಾನ್ಸಿಂದ ಕತ್ತಿ ತರಿಸ್ತಾರಂತೆ. ನನಗೆ ಮಾತ್ರ ಕೊಡಲಿ! ನಾನೇನು ಸೌದೆನಾ?" ಎಂದು ತಂಗಿ ಅತ್ತಳು.

"ಚರಿತ್ರೆ ಇರೋದೇ ಹಾಗಮ್ಮ," ಎಂದ ಕಟ್‌ಬರ್ಟ್.

"ಚರಿತ್ರೆಗೂ ನನ್ನ ಕಂಡ್ರೆ ಆಗಲ್ಲ. ಚಿಕ್ಕಂದಿನಿಂದ್ಲೂ ಎಲ್ಲಾ ಹೊಸಾದು ಅವಳಿಗೇ."

ಕೊನೆಗೆ ಡಾರ್ಕಸ್ ಬಂದಳು. ಕಟ್‌ಬರ್ಟ್ ಎದ್ದು ನಿಂತ, ಕೂತ, ಮತ್ತೆ ಎದ್ದ. ಅವಳ ಕಣ್ಣು ಕೆಂಪಾಗಿತ್ತು.

"ನಿಮ್ಮಿಂದ ಇದನ್ನ ನಿರೀಕ್ಷಿಸಿರಲಿಲ್ಲ ಮಿಸ್ಟರ್ ಪಿನಕ್. ರಾಜನ್ನ ಕಟ್ಕೊಳ್ಳೋಕೆ ಮುಂಚೆ ಆ ಆರನೇ ರಾಣಿ ಇಬ್ಬರು ಗಂಡಂದಿರನ್ನ ಮಣ್ಣು ಮಾಡಿದವಳು. ನಾನೂ ಇಬ್ಬರನ್ನ ಕಳ್ಕೊಂಡಿದ್ದೀನಿ. ಊರೆಲ್ಲ ಬಾಯಿಗೆ ಕರವಸ್ತ್ರ ಇಟ್ಕೊಂಡು ನಗ್ತಿದೆ."

ಕಟ್‌ಬರ್ಟ್ ಓದಿಕೊಂಡಿದ್ದದ್ದು ತಾನು ಬರುವ ಪುಟಗಳನ್ನು ಮಾತ್ರ. ಪ್ರೇಕ್ಷಕರ ನಡುವೆ ಕೂತ ವರ್ಷಗಳಲ್ಲೆಲ್ಲ ಅವನ ಕಣ್ಣು ಇದ್ದದ್ದು ಡಾರ್ಕಸ್ ಮೇಲೆ, ನಾಟಕದ ಮೇಲಲ್ಲ. ರಾಣಿಯ ಹಳೆಯ ಸಂಸಾರ ಅವನಿಗೇನು ಗೊತ್ತು? ಗಾಬರಿಯಲ್ಲಿ, "ಹಾಗಾದ್ರೆ ಮೂರನೆಯವಳು ಆಗ್ತೀರಾ? ರಾಜನಿಗೆ ಅವಳ ಮೇಲೇ ಹೆಚ್ಚು ಪ್ರೀತಿಯಂತೆ!" ಎಂದ.

"ಹೆತ್ತು ಹನ್ನೆರಡು ದಿನಕ್ಕೆ ಸಾಯೋಳು! ಈ ವಯಸ್ಸಲ್ಲಿ ನನ್ನ ಬಾಣಂತಿ ಮಾಡ್ತೀರಾ?" ಎಂದು ಡಾರ್ಕಸ್ ಹೊರಟೇಹೋದಳು.

ಮುಂದಿನ ಮೂರು ಗಂಟೆ ಕಟ್‌ಬರ್ಟ್ ಪೆನ್ಸಿಲು ಹಿಡಿದು ಪಟ್ಟಿಯ ಎದುರೇ ಇದ್ದ. ಒಂದನೆಯವಳನ್ನು ಐದಕ್ಕೆ ಇಳಿಸಿದರೆ ಐದನೆಯವಳು ಅಳುತ್ತಿದ್ದಳು. ಮೂರನೇ ರಾಣಿಯಾಗಿ ತೆಪ್ಪಗಿದ್ದ ಪಾದ್ರಿಯ ಹೆಂಡತಿಯನ್ನು ಸುಮ್ಮನೆ ನಾಲ್ಕಕ್ಕೆ ತಂದದ್ದಕ್ಕೆ ಪಾದ್ರಿಯೇ ಮಾತು ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಆರೂ ರಾಣಿಯರು ಸಭಾಂಗಣದೊಳಗೆ ಕೂತು, ಚಹಾ ಕುಡಿಯುತ್ತ, ಸೌತೆಕಾಯಿ ಸ್ಯಾಂಡ್‌ವಿಚ್ ತಿನ್ನುತ್ತ, ನಾವು ಯಾರೂ ಈ ಗಂಡನಿಗೆ ಹೆಂಡತಿಯಾಗುವುದಿಲ್ಲ ಎಂದು ತೀರ್ಮಾನಿಸಿದರು. ಅಷ್ಟು ಜನ ಒಮ್ಮತಕ್ಕೆ ಬಂದದ್ದು ಆ ಊರಿನಲ್ಲಿ ಅದೇ ಮೊದಲು.

ಆಪದ್ಬಾಂಧವನಂತೆ ಬಂದವನು ಗಿಲ್ಬರ್ಟ್. ಬಿಸಿಬಿಸಿ ಸಾಸೇಜ್ ತುಂಬಿದ ತಟ್ಟೆ ಹಿಡಿದು ಒಳಗೆ ಹೋದ. ಮಿಸೆಸ್ ಬ್ಲಾಚ್‌ಫರ್ಡ್‌ಗೆ, ಮೊದಲನೆಯವಳೊಬ್ಬಳೇ ಹುಟ್ಟಾ ರಾಜಕುಮಾರಿ ಎಂದ. ಮಿಸ್ ಕ್ರಾಬ್‌ಗೆ, ನಾಲ್ಕನೆಯವಳು ತಲೆ ಉಳಿಸಿಕೊಂಡು ಅರಮನೆಯನ್ನೂ ಹೊಡೆದಳು, ಎಲ್ಲರಿಗಿಂತ ಜಾಣೆ ಎಂದ. ತಂಗಿ ಹಾಬ್ಡೇಗೆ ತನ್ನ ಅಂಗಡಿಯ ಫಳಫಳ ಹೊಳೆಯುವ ಹೊಸ ಕೊಡಲಿಯನ್ನೇ ಕೊಡುತ್ತೇನೆಂದ. ಬೆಳಗಿನ ಪಟ್ಟಿಗೇ ಒಪ್ಪಿ ಐವರು ಎದ್ದರು. ಆಮೇಲೆ ಗಿಲ್ಬರ್ಟ್ ಹೊರಗೆ ಬಂದು ಕಟ್‌ಬರ್ಟ್‌ನ ಹೆಗಲ ಮೇಲೆ ಕೈ ಹಾಕಿದ.

"ನೋಡು ಮಾರಾಯ, ಡಾರ್ಕಸ್‌ನ ಮಾತ್ರ ಆರರಿಂದ ಅಲ್ಲಾಡಿಸಬೇಡ. ಅವಳಿಗೆ ಅದೇ ಸರಿ. ಹೋಗಿ ನೀನೇ ಮಾತಾಡು. ನಿನ್ನ ಮಾತಿಗೆ ಅವಳು ಬೆಲೆ ಕೊಡ್ತಾಳೆ."

ಇಂಥ ಗೆಳೆಯ ಯಾರಿಗುಂಟು ಎಂದು ಕಟ್‌ಬರ್ಟ್‌ನ ಕಣ್ಣು ತುಂಬಿ ಬಂತು.

ಡಾರ್ಕಸ್ ಸಭಾಂಗಣದ ಹಿಂದಿನ ಬೆಂಚಿನ ಮೇಲೆ ಕೂತಿದ್ದಳು. ಕಟ್‌ಬರ್ಟ್ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ತನ್ನ ಬೂಟನ್ನು ನೋಡುತ್ತ ಮಾತಾಡಿದ. ಒಂಬತ್ತು ವರ್ಷದಲ್ಲಿ ಆಡಿದ ಎಲ್ಲ ಮಾತನ್ನು ಕೂಡಿಸಿದರೂ ಅಷ್ಟಾಗುತ್ತಿರಲಿಲ್ಲ.

"ಇಬ್ಬರು ಹೋದ್ರು ಅಂತ ಬದುಕು ಅಲ್ಲಿಗೇ ಮುಗೀತಾ ಡಾರ್ಕಸ್ ಅವರೇ? ಆ ರಾಣಿ ಮುಗೀತು ಅಂದ್ಕೊಳ್ಳಲಿಲ್ಲ. ಮತ್ತೆ ಧೈರ್ಯ ಮಾಡಿದ್ಲು. ಮನಸಾರೆ ಕೇಳೋರು ಬಂದಾಗ ಊರು ನಗುತ್ತೆ ಅಂತ ಬೇಡ ಅನ್ನೋದು ತಪ್ಪು. ನನಗೆ ಹಾಗನ್ಸುತ್ತೆ."

ಡಾರ್ಕಸ್‌ಳ ಕೆನ್ನೆ ಮೆಲ್ಲಗೆ ಕೆಂಪೇರಿತು.

"ನಿಜವಾಗಿ ಹಾಗನ್ಸುತ್ತಾ ನಿಮಗೆ?"

"ನಿಜವಾಗಿ. ನಾಟಕ ಮುಗಿದ ಮೇಲೆ ನಿಮಗೊಂದು ಮಾತು ಹೇಳೋದೂ ಇದೆ."

"ಹೇಳಿ. ಆದ್ರೆ ದಯವಿಟ್ಟು ಅಲುಗಬೇಡಿ. ಒಂದು ವರ್ಷ ರಾತ್ರಿ ಹಗಲು ಹೊಲಿದಿದ್ದೀನಿ. ಈ ಸಲಾನೂ ಬಟ್ಟಲು ಹೋದ್ರೆ ಆ ರಾಜನ ಮುಖ ನಾನು ಮತ್ತೆ ನೋಡಲ್ಲ," ಎಂದು ಡಾರ್ಕಸ್ ನಕ್ಕಳು. ಕಟ್‌ಬರ್ಟ್‌ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೂರು ಗಂಟೆಗೆ ನಾಟಕ ಶುರುವಾಯಿತು, ಮೂರೂ ಐದಕ್ಕೆ ಮಳೆ. ಇಡೀ ಊರು ಕೊಡೆ ಬಿಚ್ಚಿಕೊಂಡು, ಏನೂ ಆಗಿಲ್ಲವೆಂಬಂತೆ ಕುರ್ಚಿಗಳಲ್ಲೇ ಕೂತಿತು. ಮೊದಲ ರಾಣಿ ರಾಜನಿಗೆ ಬರೆದದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಬೈದಳು. ಎರಡನೆಯವಳ ತಲೆಯ ಬದಲು ಎಲೆಕೋಸು ಉರುಳಿ, ನೇರವಾಗಿ ತೀರ್ಪುಗಾರರ ಕಾಲ ಬಳಿ ನಿಂತಿತು. ನೀರು ಕುಡಿದ ದಿಂಬುಗಳು ನಾಲ್ಕನೇ ಮದುವೆಯ ಹೊತ್ತಿಗೆ ರಾಜನ ಮೊಣಕಾಲಿಗೆ ಇಳಿದಿದ್ದವು. ಮಿಸ್ ಕ್ರಾಬ್ ಅದನ್ನು ನೋಡಿ, "ಈಗ ನೀವೇ ಹೇಳಿ, ಯಾರು ಯಾರನ್ನ ಬೇಡ ಅನ್ನಬೇಕು?" ಎಂದಾಗ ಕೊಡೆಗಳೆಲ್ಲ ಕುಣಿದವು.

ಐದನೆಯವಳೂ ಹೊಸ ಕೊಡಲಿಗೆ ತಲೆಕೊಟ್ಟು ಹೋದ ಮೇಲೆ ಡಾರ್ಕಸ್ ಬಂದಳು. ನೀಲಿ ಬಟ್ಟೆ, ತಾನೇ ಹೊಲಿದದ್ದು. ಕಟ್‌ಬರ್ಟ್ ಉಂಗುರವನ್ನು ಅರ್ಧ ಬೆರಳಿನವರೆಗೂ ಎಳೆದ. ಅಷ್ಟರಲ್ಲಿ ಬಿಷಪ್ ವೇಷದ ಪಾದ್ರಿ, "ಉಂಗುರ ಇರಲಿ ಬಿಡಿ, ಪುಸ್ತಕ ನೆನೀತಾ ಇದೆ, ಮದುವೆ ಆಯ್ತು," ಎಂದು ಅವಸರವಾಗಿ ಹೊರಟುಬಿಟ್ಟ. ಬೆಳಗಿನ ಸಿಟ್ಟು ಅವನಿಗಿನ್ನೂ ಇಳಿದಿರಲಿಲ್ಲ. ಇರಲಿ, ಸತ್ತೆದ್ದ ಮೇಲೆ ಕೊಟ್ಟರಾಯಿತು ಎಂದುಕೊಂಡು ಕಟ್‌ಬರ್ಟ್ ಮುಂಬದಿ ತೆರೆದ ಡೇರೆಯೊಳಗಿನ ಮಂಚದ ಮೇಲೆ ಮಲಗಿ, ಎರಡು ಸಲ ನರಳಿ, ಅಚ್ಚುಕಟ್ಟಾಗಿ ಸತ್ತ.

ಎಂಥ ಸಾವು ಅದು! ಮೂಗಿನ ಮೇಲೆ ಡೇರೆಯ ನೀರು ತೊಟ್ಟಿಕ್ಕಿತು, ಅಲುಗಲಿಲ್ಲ. ಒಂದು ನೊಣ ಹುಬ್ಬಿನಿಂದ ಹುಬ್ಬಿಗೆ ನಡೆಯಿತು, ಅಲುಗಲಿಲ್ಲ. ಒಳಗೊಳಗೇ ಅವನು ಮಾತು ಜೋಡಿಸಿಕೊಳ್ಳುತ್ತಿದ್ದ. ಇನ್ನೇನು ಪಾದ್ರಿ ಗಂಟೆ ಬಾರಿಸಿದರೆ ಏಳಬಹುದು. ಅದಕ್ಕೆ ಮುಂಚೆ ಇನ್ನೊಂದೇ ಪುಟ ಬಾಕಿ, ಕಟ್‌ಬರ್ಟ್ ಓದದೇ ಬಿಟ್ಟ ಪುಟ. ತಾನು ಸತ್ತ ಮೇಲೆ ಏನಾದರೆ ತನಗೇನು ಎಂದು ಬಿಟ್ಟಿದ್ದ.

ಭಾರವಾದ ಬೂಟಿನ ಸದ್ದು ಮಂಚದ ಪಕ್ಕಕ್ಕೆ ಬಂತು. ಗಿಲ್ಬರ್ಟ್‌ನ ದನಿ ಕೇಳಿಸಿತು.

"ಮಹಾರಾಣಿ, ನಾನು ಥಾಮಸ್ ಸೀಮರ್. ರಾಜರು ಅಡ್ಡ ಬರೋಕೆ ಮುಂಚಿನಿಂದ್ಲೂ ನಿಮ್ಮನ್ನೇ ಬಯಸಿದವನು. ಈಗ ರಾಜರು ಹೋದ್ರು. ನನ್ನ ಮದುವೆ ಆಗ್ತೀರಾ?"

ಹಾಳು ಚರಿತ್ರೆ! ಆ ರಾಣಿ ರಾಜ ಸತ್ತ ಕೆಲವೇ ತಿಂಗಳಿಗೆ ಇನ್ನೊಬ್ಬನನ್ನು ಕಟ್ಟಿಕೊಂಡಿದ್ದಳೇ? ಹೋಗಲಿ, ನಾಟಕ ತಾನೇ, ಎಂದು ಸತ್ತ ಕಟ್‌ಬರ್ಟ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆಗ ಗಿಲ್ಬರ್ಟ್ ಮಂಡಿಯೂರಿದ ಸದ್ದು.

"ಇದು ಪುಸ್ತಕದಲ್ಲಿಲ್ಲ ಡಾರ್ಕಸ್. ಇದು ನಾನು, ಗಿಲ್ಬರ್ಟ್. ನಿಜವಾಗಿ ಕೇಳ್ತಿದ್ದೀನಿ. ಊರೆಲ್ಲ ಇದೆ, ನಗೋರು ನಗಲಿ. ನನ್ನ ಮದುವೆ ಆಗ್ತೀಯಾ?"

ಎದ್ದು ಕೂಗಬೇಕೆಂದು ಕಟ್‌ಬರ್ಟ್‌ನ ಪ್ರತಿ ನರವೂ ಹೇಳಿತು. ಅಲುಗಬೇಡಿ ಎಂದಿದ್ದಳು. ಅಲುಗಿದರೆ ಬಟ್ಟಲು ಹೋಗುತ್ತದೆ, ಬಟ್ಟಲು ಹೋದರೆ ಅವಳು ಮುಖ ನೋಡುವುದಿಲ್ಲ. ಅವಳು ಇಲ್ಲ ಎಂದೇ ಹೇಳುತ್ತಾಳೆ ಎಂದು ನಂಬಿ, ಹಲ್ಲು ಕಚ್ಚಿ ಸತ್ತೇ ಇದ್ದ.

"ಬೆಳಗ್ಗೆ ಕೇಳಿದ್ದಿದ್ರೆ ಬೇಡ ಅಂದುಬಿಡ್ತಿದ್ದೆ," ಎಂದಳು ಡಾರ್ಕಸ್. "ಆದ್ರೆ ಮಧ್ಯಾಹ್ನ ಒಬ್ಬರು ದೊಡ್ಡ ಮನುಷ್ಯರು ನನಗೆ ಬುದ್ಧಿ ಹೇಳಿದ್ರು. ಮನಸಾರೆ ಕೇಳೋರು ಬಂದಾಗ ಬೇಡ ಅನ್ನಬಾರದು ಅಂತ. ಹೂಂ, ಆಗ್ತೀನಿ."

ಕೊಡೆಗಳು ಹಾರಿದವು. ಆ ಗದ್ದಲದಲ್ಲಿ ಗಿಲ್ಬರ್ಟ್ ಜೇಬು ತಡಕುತ್ತ, "ಅಯ್ಯಯ್ಯೋ, ಉಂಗುರ ಅಂಗಡೀಲಿ ಖೀಮಾ ಯಂತ್ರದ ಪಕ್ಕಾನೇ ಬಿಟ್ಟು ಬಂದೆ," ಎನ್ನುವುದು ಕಟ್‌ಬರ್ಟ್‌ಗೆ ಕೇಳಿಸಿತು. ಮರುಗಳಿಗೆಯೇ ದಪ್ಪನೆಯ ಬೆಚ್ಚಗಿನ ಕೈಯೊಂದು ಅವನ ಕಿರುಬೆರಳಿಗೆ ಬಂತು. ಆಗಲೇ ಅರ್ಧ ಎಳೆದಿಟ್ಟಿದ್ದ ಉಂಗುರ, ಸರಕ್ಕನೆ ಜಾರಿತು.

"ಸತ್ತವನಿಗೆ ಯಾಕೆ ಬೇಕು ಬಿಡಿ!" ಎಂದು ಗಿಲ್ಬರ್ಟ್ ಕೂಗಿದ. ಜನ ಬಿದ್ದು ಬಿದ್ದು ನಕ್ಕರು. ಸತ್ತ ರಾಜನ ಎಡಗಣ್ಣಿನಿಂದ ಒಂದು ಹನಿ ಇಳಿದು ಕಿವಿಯ ಕಡೆಗೆ ಹರಿಯಿತು. ಅದು ಮಳೆಯ ಹನಿ ಎಂದೇ ಎಲ್ಲರೂ ತಿಳಿದರು.

ಪಾದ್ರಿ ಗಂಟೆ ಬಾರಿಸಿದ. ತೀರ್ಪುಗಾರರಲ್ಲಿ ಹಿರಿಯವನು ಎದ್ದು ಬಟ್ಟಲನ್ನು ಲಿಟಲ್ ಸ್ನಾಡ್ಬರಿಗೆ ಕೊಟ್ಟ. "ಮೂವತ್ತು ವರ್ಷದಲ್ಲಿ ಇಂಥ ಹೆಣವನ್ನ ನಾನು ನೋಡಿಲ್ಲ. ಕೈಯಿಂದ ಉಂಗುರ ಕಿತ್ತರೂ ಒಂದು ರೆಪ್ಪೆ ಅಲುಗಲಿಲ್ಲ," ಎಂದು ಎರಡೆರಡು ಸಲ ಹೇಳಿದ.

ಡಾರ್ಕಸ್ ಓಡಿ ಬಂದು ಕಟ್‌ಬರ್ಟ್‌ನ ಒದ್ದೆ ಕೈಗಳನ್ನು ಹಿಡಿದುಕೊಂಡಳು. ಕೆಂಪು ಹರಳು ಅವಳ ಬೆರಳಲ್ಲಿ ಹೊಳೆಯುತ್ತಿತ್ತು.

"ನಿಮ್ಮ ಉಪಕಾರ ಹೇಗೆ ತೀರಿಸಲಿ! ನೀವು ಪಟ್ಟು ಹಿಡಿದು ಆರನೇ ರಾಣಿ ಮಾಡದೆ ಇದ್ದಿದ್ರೆ ಗಿಲ್ಬರ್ಟ್ ಕೇಳೋದು ಹೇಗೆ, ನಾನು ಒಪ್ಪೋದು ಹೇಗೆ? ಈ ನಾಟಕದ ಉಂಗುರ ನೋಡಿ, ಬೆರಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ, ಎಳೆದ್ರೂ ಬರ್ತಿಲ್ಲ. ಇಟ್ಕೊಳ್ಳಬಹುದಾ? ಸಮಿತಿಯವರು ಏನಾದ್ರೂ ಅಂತಾರಾ?"

"ಪರವಾಗಿಲ್ಲ. ಇಟ್ಕೊಳ್ಳಿ," ಎಂದ ಕಟ್‌ಬರ್ಟ್.

"ಮತ್ತೆ, ನೀವೇನೋ ಒಂದು ಮಾತು ಹೇಳ್ಬೇಕು ಅಂದಿದ್ರಲ್ಲ?"

ಕಟ್‌ಬರ್ಟ್ ಅವಳನ್ನು ನೋಡಿದ. ಅವಳ ಹಿಂದೆ ಸಾಸೇಜ್ ತಿನ್ನುತ್ತ ನಿಂತ ಗಿಲ್ಬರ್ಟ್‌ನನ್ನು ನೋಡಿದ. ಮೊಣಕಾಲಿನಲ್ಲಿ ನೇತಾಡುತ್ತಿದ್ದ ದಿಂಬುಗಳನ್ನು ಎಳೆದುಕೊಂಡ.

"ಒಂದು ಗುಂಡಿ ಬೇಕಿತ್ತು," ಎಂದ. "ಸೋಮವಾರ ಬರ್ತೀನಿ."

ಅವನು ಡೇರೆಯಿಂದ ಹೊರಗೆ ಕಾಲಿಡುವಷ್ಟರಲ್ಲಿ ಮಿಸೆಸ್ ಬ್ಲಾಚ್‌ಫರ್ಡ್ ಬಟ್ಟಲು ಎತ್ತಿ ಹಿಡಿದು ಘೋಷಿಸುತ್ತಿದ್ದಳು. ಇಂಥ ರಾಜನನ್ನು ಬಿಟ್ಟರೆ ಸಿಗುವುದಿಲ್ಲ, ಬರುವ ವರ್ಷವೂ ಪಿನಕ್ ಅವರೇ, ಆರನೇ ರಾಣಿ ಮಿಸೆಸ್ ರಡ್ಜ್ ಅವರೇ, ಸೀಮರ್ ಕೂಡ ಗಿಲ್ಬರ್ಟ್ ಅವರೇ ಎಂದು. ಊರು ಚಪ್ಪಾಳೆ ತಟ್ಟಿತು. ಮಳೆ ಜೋರಾಯಿತು. ಕಟ್‌ಬರ್ಟ್ ವಾಪಸ್ಸು ಡೇರೆಯೊಳಗೆ ಹೋಗಿ ಮಂಚದ ಮೇಲೆ ಮಲಗಿ ಕಣ್ಣು ಮುಚ್ಚಿಕೊಂಡ.

"ಎಷ್ಟು ಶ್ರದ್ಧೆ ನೋಡ್ರಿ," ಎಂದಳು ಮಿಸ್ ಕ್ರಾಬ್. "ಈಗಲೇ ಅಭ್ಯಾಸ ಶುರುಮಾಡ್ಕೊಂಡ್ರು."